ಪ್ರತ್ಯಕ್ಷ ಕಂಡರೂ

'ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು' ಎಂಬುದು ನಮ್ಮ ಹಿರಿಯರು ಹೇಳಿಹೋದ ಮಾತು. ಕಣ್ಣು ಎಷ್ಟೇ ನಂಬಿಕೆಯ ಇಂದ್ರಿಯವಾಗಿದ್ದರೂ ಅದು ತಂದ ಸುದ್ದಿಯನ್ನು ಬುದ್ಧಿಯ ಒರೆಗಲ್ಲಿಗೆ ಹಚ್ಚದೆ ಒಪ್ಪಬಾರದೆಂಬುದು ಅದರ ತಾತ್ಪರ್ಯ. ಅಧ್ಯಾಪಕನಾಗಿ ಈ ಗಾದೆಯನ್ನು ನಾನು ತರಗತಿಯಲ್ಲಿ ಎಷ್ಟು ಬಾರಿ ಉದ್ಧರಿಸಿರುವೆನೋ ಲೆಕ್ಕವಿಲ್ಲ. ಆದರೆ ಈಚೆಗೆ ಒಬ್ಬ ವಿದ್ಯಾರ್ಥಿ ಅದನ್ನೇ ನನ್ನತ್ತ ತಿರುಗಿಸಿದಾಗ ನಾನು ನಿರುತ್ತರನಾಗಿ ನಿಲ್ಲಬೇಕಾಯಿತು.

ನಡೆದದ್ದಿಷ್ಟು. ವೃತ್ತಪತ್ರಿಕೆಯೊಂದರಲ್ಲಿ ಗಾಜಾ ಪ್ರದೇಶದ ಚಿತ್ರವೊಂದು ಅಚ್ಚಾಗಿತ್ತು. ಕುಸಿದ ಮನೆಗಳ ನಡುವೆ ಮಗುವನ್ನೆತ್ತಿಕೊಂಡು ಓಡುತ್ತಿರುವ ತಂದೆಯ ಚಿತ್ರ. ಪಾಠ ಮುಗಿದ ಮೇಲೆ ಮೇಜಿನ ಮೇಲಿದ್ದ ಆ ಪತ್ರಿಕೆಯನ್ನು ನೋಡಿ ಆ ಹುಡುಗ ಬಹು ವಿನಯದಿಂದಲೇ ಕೇಳಿದ: "ಸಾರ್, ಇದು ನಿಜವಾದ ಚಿತ್ರವೆಂದು ಏನು ಖಾತ್ರಿ? ಈಗ ಇಂಥದನ್ನು ಯಂತ್ರವೇ ಮಾಡಿಕೊಡುತ್ತದಲ್ಲ. ಪ್ರಮಾಣಿಸಿ ನೋಡಬೇಕೆಂದು ತಾವೇ ಹೇಳಿದ್ದೀರಿ." ಹೀಗೆಂದು ಆತ ಪತ್ರಿಕೆಯನ್ನು ಮಡಿಸಿಟ್ಟು ಹೊರಟುಹೋದ. ಪ್ರಶ್ನೆಯಲ್ಲಿ ಉದ್ಧಟತನವಿರಲಿಲ್ಲ, ತರ್ಕದಲ್ಲಿ ದೋಷವೂ ಇರಲಿಲ್ಲ. ಆದರೆ ಪತ್ರಿಕೆಯನ್ನು ಮಡಿಸಿಡುವಾಗ ಆತನ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಕಾಣಿಸಿತು. ಚಿತ್ರ ಸುಳ್ಳಿರಬಹುದು, ಸುಳ್ಳಿರಬಹುದಾದ ಮೇಲೆ ಅದಕ್ಕಾಗಿ ಮನಸ್ಸು ನೋಯಿಸಿಕೊಳ್ಳಬೇಕಾದುದಿಲ್ಲ. ಅದೇ ನೆಮ್ಮದಿ ನನ್ನ ಮನಸ್ಸಿನ ಮೂಲೆಯಲ್ಲಿಯೂ ಸುಳಿದಿತ್ತೆಂಬುದನ್ನು ಇಲ್ಲಿ ಮುಚ್ಚಿಡಲಾರೆ.

ಸಂಶಯವೆಂಬುದು ಸತ್ಯಾನ್ವೇಷಣೆಯ ಮೊದಲ ಮೆಟ್ಟಿಲೆಂದು ನಾವು ಕಲಿಸುತ್ತೇವೆ. ಅದೇ ಸಂಶಯವು ಸತ್ಯದಿಂದ ತಪ್ಪಿಸಿಕೊಳ್ಳುವ ಬಾಗಿಲೂ ಆದರೆ ಏನು ಮಾಡುವುದು? ಈ ಯೋಚನೆಯಲ್ಲಿದ್ದಾಗ ನನ್ನ ನೆನಪಿಗೆ ಬಂದವರು ಇಸ್ರೇಲಿನ ಛಾಯಾಗ್ರಾಹಕ ಅಲೆಕ್ಸ್ ಲೆವಾಕ್ ಅವರು. ಅವರ ವೃತ್ತಿಜೀವನವನ್ನು, ಅದರಲ್ಲಿಯೂ ಅವರ ಒಂದೇ ಒಂದು ಚಿತ್ರದ ಇತಿಹಾಸವನ್ನು ಕ್ರಮವಾಗಿ ನೆನೆದು ನೋಡಿದರೆ ಆ ಹುಡುಗನಿಗೆ ಕೊಡಬೇಕಾಗಿದ್ದ ಉತ್ತರ ಸಿಕ್ಕೀತೆಂದು ನನಗನ್ನಿಸಿತು. ಈ ಲೇಖನ ಆ ಪ್ರಯತ್ನದ ಫಲ.

*

ಲೆವಾಕ್ ಅವರು ಹುಟ್ಟಿದ್ದು 1944ರಲ್ಲಿ, ಟೆಲ್ ಅವೀವ್ ನಗರದಲ್ಲಿ. ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದದ್ದು 1948ರಲ್ಲಿ. ಆದ್ದರಿಂದ ಅವರು ತಮ್ಮ ದೇಶಕ್ಕಿಂತ ನಾಲ್ಕು ವರ್ಷ ಹಿರಿಯರು. ಲಂಡನ್ನಿನಲ್ಲಿ ಛಾಯಾಗ್ರಹಣ ಕಲಿತು ಸ್ವದೇಶಕ್ಕೆ ಮರಳಿ ಪತ್ರಿಕಾವೃತ್ತಿಯನ್ನು ಹಿಡಿದಾಗ ಅವರ ಎಳೆಯ ವಯಸ್ಸು ಕಳೆದಿತ್ತು. 1984ರ ಮಾರ್ಚಿಯಲ್ಲಿ ಟೆಲ್ ಅವೀವಿನಿಂದ 'ಹದಶೋತ್' ಎಂಬ ಹೊಸ ದಿನಪತ್ರಿಕೆಯೊಂದು ಹೊರಟಿತು. ಹೀಬ್ರೂ ಭಾಷೆಯಲ್ಲಿ ಆ ಹೆಸರಿಗೆ 'ಸುದ್ದಿ' ಎಂದೇ ಅರ್ಥ. ಲೆವಾಕ್ ಅದರ ಛಾಯಾಗ್ರಾಹಕರಲ್ಲೊಬ್ಬರಾದರು. ಪತ್ರಿಕೆಗೆ ಎರಡು ತಿಂಗಳೂ ತುಂಬಿರಲಿಲ್ಲ. ಅಷ್ಟರಲ್ಲಿಯೇ ಅದರ ಹೆಸರನ್ನು ಇತಿಹಾಸಕ್ಕೆ ಸೇರಿಸಿದ ರಾತ್ರಿ ಬಂದಿತು.

1984ರ ಏಪ್ರಿಲ್ 12ರ ಸಂಜೆ ಟೆಲ್ ಅವೀವಿನಿಂದ ಅಶ್ಕೆಲಾನ್ ಪಟ್ಟಣಕ್ಕೆ ಹೊರಟಿದ್ದ 300ನೆಯ ನಂಬರಿನ ಬಸ್ಸನ್ನು ಗಾಜಾ ಪ್ರದೇಶದ ನಾಲ್ವರು ತರುಣರು ಅಪಹರಿಸಿದರು. ಬಸ್ಸಿನಲ್ಲಿ ಸುಮಾರು 40 ಮಂದಿ ಪ್ರಯಾಣಿಕರಿದ್ದರು. ಇಸ್ರೇಲಿನ ಸೆರೆಮನೆಗಳಲ್ಲಿದ್ದ ಪ್ಯಾಲೆಸ್ತೀನಿಯರನ್ನು ಬಿಡುಗಡೆ ಮಾಡಬೇಕೆಂಬುದು ಅಪಹರಣಕಾರರ ಬೇಡಿಕೆ. ದಕ್ಷಿಣಕ್ಕೆ ಓಡಿದ ಬಸ್ಸು ಗಾಜಾ ಪ್ರದೇಶದ ಒಳಗೆ ದೇರ್ ಅಲ್ ಬಲಾಹ್ ಎಂಬಲ್ಲಿ ಸೈನ್ಯದ ಗುಂಡಿಗೆ ಚಕ್ರಗಳು ಒಡೆದು ನಿಂತಿತು. ರಾತ್ರಿಯೆಲ್ಲ ಮಾತುಕತೆ ನಡೆದು, 13ರ ಬೆಳಗಿನ ಜಾವದಲ್ಲಿ ಸೈನ್ಯದ ವಿಶೇಷ ದಳ ಬಸ್ಸಿನೊಳಗೆ ನುಗ್ಗಿತು. ಇಬ್ಬರು ಅಪಹರಣಕಾರರು ಅಲ್ಲಿಯೇ ಸತ್ತರು. ಪ್ರಯಾಣಿಕರ ಪೈಕಿ ಯುವತಿಯೊಬ್ಬಳು ಗುಂಡಿನ ಕಾದಾಟದಲ್ಲಿ ಪ್ರಾಣ ಕಳೆದುಕೊಂಡಳು. ನಾಲ್ವರು ಅಪಹರಣಕಾರರೂ ಕಾರ್ಯಾಚರಣೆಯ ಫಲವಾಗಿಯೇ ಸತ್ತರೆಂಬುದು ಸರ್ಕಾರ ಕೊಟ್ಟ ವಿವರಣೆಯ ಸಾರಾಂಶ.

ಲೆವಾಕ್ ಅವರ ಕ್ಯಾಮರಾದಲ್ಲಿ ಆ ಕತ್ತಲೆಯ ಹೊತ್ತಿನ ಒಂದು ಕಪ್ಪುಬಿಳುಪು ಚಿತ್ರವಿತ್ತು. ಇಬ್ಬರು ಎರಡೂ ಕಡೆಯಿಂದ ತೋಳು ಹಿಡಿದು ಒಬ್ಬ ತರುಣನನ್ನು ನಡೆಸಿಕೊಂಡು ಹೋಗುತ್ತಿದ್ದಾರೆ. ತರುಣನ ಕೈಗಳಿಗೆ ಕೋಳ ಬಿದ್ದಿದೆ. ಆತ ತನ್ನ ಕಾಲಮೇಲೆ ತಾನು ನಡೆಯುತ್ತಿದ್ದಾನೆ. ಚಿತ್ರದಲ್ಲಿರುವುದು ಇಷ್ಟೇ. ರಕ್ತವಿಲ್ಲ, ಆಕ್ರೋಶವಿಲ್ಲ, ಕಲೆಯೆಂದು ಕರೆಯಬಹುದಾದ ಬೆಳಕುನೆರಳಿನ ಚಮತ್ಕಾರವೂ ಇಲ್ಲ. ಬೇರೆ ಯಾವ ರಾತ್ರಿಯಲ್ಲಾದರೂ ಇದು ಸಂಪಾದಕನ ಬುಟ್ಟಿಗೆ ಬೀಳತಕ್ಕ ಚಿತ್ರ. ಆದರೆ ಆತ ಜೀವಂತನಾಗಿ, ಕೈಸೆರೆಯಾಗಿ ಬಸ್ಸಿನಿಂದ ಇಳಿದನೆಂಬ ಒಂದು ಸಂಗತಿಯನ್ನು ಅದು ಹೇಳುತ್ತಿತ್ತು. ಸರ್ಕಾರದ ಹೇಳಿಕೆ ನಿಜವಾಗಿದ್ದರೆ ಆ ತರುಣ ಹೀಗೆ ನಡೆದು ಹೋಗುವುದು ಸಾಧ್ಯವೇ ಇರಲಿಲ್ಲ.

ಇಲ್ಲಿ ವಾಚಕರು ಗಮನಿಸಬೇಕಾದ ಅಂಶವೊಂದಿದೆ. ಚಿತ್ರ ತಾನೇ ತಾನಾಗಿ ಏನನ್ನೂ ಸಾಬೀತು ಮಾಡಲಿಲ್ಲ. ಚಿತ್ರದಲ್ಲಿದ್ದಾತ ಯಾರು? ಬಸ್ಸಿನ ಪ್ರಯಾಣಿಕನೋ, ಅಪಹರಣಕಾರನೋ, ದಾರಿಹೋಕನೋ? ಪತ್ರಿಕೆಯವರು ಆ ಚಿತ್ರವನ್ನು ಗಾಜಾಕ್ಕೆ ಒಯ್ದು, ಬಲ್ಲವರಿಗೆ ತೋರಿಸಿ, ಆತ ಮಜ್ದಿ ಅಬು ಜುಮಾ ಎಂಬ ತರುಣನೆಂದು ಖಚಿತಪಡಿಸಿಕೊಂಡರು. ಸತ್ತವನ ಹೆಸರು ಸಿಕ್ಕಿದ ಮೇಲೆ ಮಾತ್ರವೇ ಆ ಚಿತ್ರ ಸಾಕ್ಷಿಯಾಯಿತು. ಪ್ರಮಾಣಿಸಿ ನೋಡುವುದೆಂದರೆ ಇದು.

*

ಇಸ್ರೇಲಿನಲ್ಲಿ ಸೈನಿಕ ಸೆನ್ಸಾರ್ ಎಂಬ ಸಂಸ್ಥೆಯೊಂದುಂಟು. ಬ್ರಿಟಿಷರ ಆಳ್ವಿಕೆಯ ಕೊನೆಗಾಲದಲ್ಲಿ, 1945ರಲ್ಲಿ, ಹೊರಟ ತುರ್ತು ನಿಬಂಧನೆಗಳಿಂದ ಬಂದ ಆಸ್ತಿ ಅದು. ಹಳೆಯ ಪತ್ರಿಕೆಗಳ ಸಂಪಾದಕರು ಸೇರಿ ಒಂದು ಸಮಿತಿ ಮಾಡಿಕೊಂಡು, ಯಾವುದನ್ನು ಅಚ್ಚು ಹಾಕಬಹುದು, ಯಾವುದನ್ನು ಬಿಡಬೇಕು ಎಂಬುದನ್ನು ಅಧಿಕಾರಿಗಳೊಡನೆ ಕೂತು ತೀರ್ಮಾನಿಸುವ ರೂಢಿಯಿತ್ತು. ನಮ್ಮ ದೇಶದಲ್ಲಿ 1975ರಿಂದ 1977ರವರೆಗೆ ಜಾರಿಯಲ್ಲಿದ್ದ ಸೆನ್ಸಾರನ್ನು ನೆನಪಿಟ್ಟಿರುವವರಿಗೆ ಇದು ವಿಚಿತ್ರವಾಗಿ ತೋರಬಹುದು. ನಮ್ಮಲ್ಲಿ ಸರ್ಕಾರ ಬಾಯಿ ಮುಚ್ಚಿಸಿತು. ಅಲ್ಲಿ ಸರ್ಕಾರವೂ ಸಂಪಾದಕರೂ ಒಂದು ಒಡಂಬಡಿಕೆಯಿಂದ ಮೌನವನ್ನು ಹಂಚಿಕೊಂಡಿದ್ದರು. 'ಹದಶೋತ್' ಈ ಸಮಿತಿಗೆ ಸೇರಿರಲಿಲ್ಲ. ಲೆವಾಕ್ ಅವರ ಚಿತ್ರವನ್ನು ಅಚ್ಚು ಮಾಡಲು ಸೆನ್ಸಾರ್ ಅಪ್ಪಣೆ ಕೊಡಲಿಲ್ಲ. ಆದರೂ ವಿದೇಶೀ ಪತ್ರಿಕೆಗಳಲ್ಲಿ ಸುದ್ದಿ ಹೊರಬಿತ್ತು. ರಕ್ಷಣಾ ಮಂತ್ರಿ ಮೋಶೆ ಆರೆನ್ಸ್ ಅವರು ನಿವೃತ್ತ ಜನರಲ್ ಮೆಯಿರ್ ಜೊರೆಯಾ ಅವರ ಅಧ್ಯಕ್ಷತೆಯಲ್ಲಿ ಗುಪ್ತ ವಿಚಾರಣೆಯೊಂದನ್ನು ಏರ್ಪಡಿಸಿದರು. ಈ ವಿಚಾರಣೆಯ ಸುದ್ದಿಯನ್ನು ಸೆನ್ಸಾರಿಗೆ ಒಪ್ಪಿಸದೆ ಪ್ರಕಟಿಸಿದ್ದಕ್ಕಾಗಿ 'ಹದಶೋತ್' ಪತ್ರಿಕೆಯನ್ನು ನಾಲ್ಕು ದಿನಗಳ ಕಾಲ ಮುಚ್ಚಿಸಲಾಯಿತು.

ಮುಂದಿನ ಕಥೆ ಪತ್ತೇದಾರಿ ಕಾದಂಬರಿಯನ್ನು ಮೀರಿಸುವಂಥದು. ಸೆರೆಸಿಕ್ಕ ಇಬ್ಬರನ್ನೂ ಬಯಲಿಗೆ ಒಯ್ದು ಹೊಡೆದು ಕೊಂದವರು ಶಿನ್ ಬೆತ್ ಎಂಬ ಒಳನಾಡಿನ ಗುಪ್ತಚಾರ ಖಾತೆಯವರು. ಅಪ್ಪಣೆ ಕೊಟ್ಟವರು ಆ ಖಾತೆಯ ಮುಖ್ಯಸ್ಥರಾದ ಅವ್ರಹಾಂ ಶಾಲೋಮ್. ಇದನ್ನು ಮುಚ್ಚುವುದಕ್ಕಾಗಿ ಖಾತೆಯ ಅಧಿಕಾರಿ ಯೋಸಿ ಗಿನೋಸಾರ್ ಎಂಬವರನ್ನೇ ಜೊರೆಯಾ ಸಮಿತಿಯ ಸದಸ್ಯರನ್ನಾಗಿ ಸೇರಿಸಿ, ಅಪವಾದವನ್ನು ಯಿಟ್ಜಾಕ್ ಮೊರ್ದೆಖಾಯ್ ಎಂಬ ಸೇನಾಧಿಕಾರಿಯ ತಲೆಗೆ ಕಟ್ಟುವ ಹೂಟ ನಡೆಯಿತು. ಬಂದಿಗಳನ್ನು ವಿಚಾರಿಸುವಾಗ ಆತ ಹೊಡೆದದ್ದು ನಿಜ, ಕೊಂದವರು ಬೇರೆ. 1985ರಲ್ಲಿ ಮೊರ್ದೆಖಾಯ್ ದೋಷಮುಕ್ತರಾದರು. ಆಮೇಲೆ ಶಿನ್ ಬೆತ್‌ನ ಒಳಗಿನಿಂದಲೇ ಮೂವರು ಹಿರಿಯ ಅಧಿಕಾರಿಗಳು, ರೂವೆನ್ ಹಜಾಕ್, ಪೆಲೆಗ್ ರದಾಯ್, ರಫಿ ಮಲ್ಕಾ ಎಂಬವರು, ಪ್ರಧಾನಿ ಶಿಮೋನ್ ಪೆರೆಸ್ ಅವರ ಮುಂದೆ ಸತ್ಯವನ್ನಿಟ್ಟರು. ಪ್ರಧಾನಿ ಕಿವಿಗೊಡಲಿಲ್ಲ. ಕೆಲಸ ಕಳೆದುಕೊಂಡದ್ದಷ್ಟೇ ಆ ಮೂವರಿಗೆ ಸಿಕ್ಕ ಫಲ. ಅವರು ಅಟಾರ್ನಿ ಜನರಲ್ ಯಿಟ್ಜಾಕ್ ಜಮೀರ್ ಅವರ ಬಳಿಗೆ ಹೋದರು. ಜಮೀರ್ ಅವರು ಪೊಲೀಸ್ ತನಿಖೆ ಆಗಲೇಬೇಕೆಂದು ಹಟ ಹಿಡಿದರು. 1986ರ ಜೂನಿನಲ್ಲಿ ಅವರ ಸ್ಥಾನಕ್ಕೆ ಬೇರೊಬ್ಬರು ಬಂದರು. ಅದೇ ತಿಂಗಳಿನಲ್ಲಿ ರಾಷ್ಟ್ರಾಧ್ಯಕ್ಷ ಹೈಮ್ ಹೆರ್ಜೋಗ್ ಅವರು ಶಾಲೋಮ್ ಮತ್ತು ಅವರ ಕೆಲವು ಅಧಿಕಾರಿಗಳಿಗೆ ಕ್ಷಮಾದಾನ ನೀಡಿದರು. ದೋಷಾರೋಪಣೆಯೇ ನಡೆಯದ ಅಪರಾಧಕ್ಕೆ ಕ್ಷಮೆ! ಪ್ರಶ್ನೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಬಹುಮತದ ತೀರ್ಪು ಕ್ಷಮೆಯನ್ನು ಎತ್ತಿಹಿಡಿಯಿತು. ಅಹರೋನ್ ಬರಾಕ್ ಎಂಬ ನ್ಯಾಯಾಧೀಶರೊಬ್ಬರು ಮಾತ್ರ ಭಿನ್ನಾಭಿಪ್ರಾಯ ಬರೆದರು.

ಕೊಂದವರಲ್ಲೊಬ್ಬನಾದ ಎಹೂದ್ ಯಾತೋಮ್ 1996ರಲ್ಲಿ ಪತ್ರಿಕಾ ಸಂದರ್ಶನವೊಂದರಲ್ಲಿ ತನ್ನ ಕೃತ್ಯವನ್ನು ತಾನೇ ಒಪ್ಪಿಕೊಂಡ. 2003ರಲ್ಲಿ ಆತ ಪಾರ್ಲಿಮೆಂಟಿನ ಸದಸ್ಯನೂ ಆದ. ಶಾಲೋಮ್ ಅವರು 2012ರಲ್ಲಿ ಬಂದ 'ದಿ ಗೇಟ್‌ಕೀಪರ್ಸ್' ಎಂಬ ಸಾಕ್ಷ್ಯಚಿತ್ರದಲ್ಲಿ ಮುಪ್ಪಿನ ಮುಖದೊಡನೆ ಕಾಣಿಸಿಕೊಂಡು, ಈ ಪ್ರಕರಣದ ಪ್ರಶ್ನೆಗಳನ್ನು ಎದುರಿಸಿದರು. ಅದೇ ಚಿತ್ರದಲ್ಲಿ ತಮ್ಮ ದೇಶ ವಶಪಡಿಸಿಕೊಂಡ ಪ್ರದೇಶಗಳಲ್ಲಿ ನಡೆದುಕೊಂಡ ರೀತಿಯನ್ನು ಕಟುವಾಗಿ ಖಂಡಿಸಿದರು. 2014ರಲ್ಲಿ ಅವರು ತೀರಿಕೊಂಡರು. ಜೀವನದ ಕೊನೆಯಲ್ಲಿ ಬಂದ ಆ ವಿವೇಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಬಯಲಿನಲ್ಲಿ ಸತ್ತವರಿಗೆ ಅದರಿಂದ ಆದದ್ದೇನೂ ಇಲ್ಲ.

*

ಇಷ್ಟು ಹೇಳಿದ ಮೇಲೆ ಕೆಲವು ವಾಚಕರ ಮನಸ್ಸಿನಲ್ಲಿ ಏಳುವ ಪ್ರಶ್ನೆಯನ್ನು ನಾನೇ ಕೇಳಿಕೊಳ್ಳುವುದು ನ್ಯಾಯ. ನಿರಪರಾಧಿಗಳಾದ ಪ್ರಯಾಣಿಕರ ಕೊರಳಿಗೆ ಚಾಕು ಹಿಡಿದವರ ಮೇಲೆ ಇಷ್ಟು ಕರುಣೆಯೇಕೆ? ಆ ರಾತ್ರಿ ಮನೆಗೆ ಮರಳದ ಯುವತಿಯ ಚಿತ್ರವನ್ನು ಯಾರು ತೆಗೆದರು?

ಪ್ರಶ್ನೆ ಸಣ್ಣದಲ್ಲ. ಬಸ್ಸನ್ನು ಅಪಹರಿಸಿದವರು ಘೋರ ಅಪರಾಧಿಗಳು. ಅದರಲ್ಲಿ ಎರಡು ಮಾತಿಲ್ಲ. ಕಾದಾಟದಲ್ಲಿ ಅವರು ಸತ್ತಿದ್ದರೆ ಯಾರೂ ವಿಚಾರಣೆ ಕೇಳುತ್ತಿರಲಿಲ್ಲ. ಕೈಗೆ ಕೋಳ ಬಿದ್ದ ಗಳಿಗೆಯಿಂದ ಮಾತ್ರ ಲೆಕ್ಕ ಬದಲಾಗುತ್ತದೆ. ಅಲ್ಲಿಯವರೆಗೆ ಆತ ಶತ್ರು. ಅಲ್ಲಿಂದ ಮುಂದೆ ಆತ ಬಂದಿ. ಶತ್ರುವಿನ ಮೇಲೆ ಸೈನಿಕನಿಗೆ ಅಧಿಕಾರವುಂಟು, ಬಂದಿಯ ಮೇಲೆ ನ್ಯಾಯಾಧೀಶನಿಗೆ ಮಾತ್ರ. ಈ ಗೆರೆಯನ್ನು ಎಳೆದವರು ಶತ್ರುಪಕ್ಷಪಾತಿಗಳಲ್ಲ. ಕಾನೂನಿನ ರಾಜ್ಯ ಕಟ್ಟಹೊರಟವರು. ನಮ್ಮ ಮಹಾಭಾರತದಲ್ಲಿಯೂ ಅಶ್ವತ್ಥಾಮ ಪಾಂಡವರ ಮಕ್ಕಳನ್ನು ಕೊಂದದ್ದಕ್ಕೆ ನಾವು ಮರುಗುವುದು ಅವರು ವೀರರಾಗಿರಲಿಲ್ಲವೆಂದಲ್ಲ, ಮಲಗಿದ್ದರೆಂದು. ಲೆವಾಕ್ ಅವರ ಚಿತ್ರ ಆ ತರುಣನನ್ನು ನಿರಪರಾಧಿಯೆಂದು ಹೇಳಲಿಲ್ಲ. ಆತ ಬಂದಿಯೆಂದು ಹೇಳಿತು. ಅಷ್ಟರಿಂದಲೇ ಒಂದು ಪ್ರಭುತ್ವಕ್ಕೆ ನಿದ್ದೆ ಬಾರದಾಯಿತು.

ಹಾಗಾದರೆ ಚಿತ್ರದಿಂದ ನ್ಯಾಯ ದೊರೆಯಿತೆ? ಇಲ್ಲವೆಂದೇ ಹೇಳಬೇಕು. ಶಿಕ್ಷೆ ಯಾರಿಗೂ ಆಗಲಿಲ್ಲ. ಆದರೂ ಚಿತ್ರ ವ್ಯರ್ಥವಾಯಿತೆಂದು ನಾನು ಹೇಳಲಾರೆ. ಈ ಪ್ರಕರಣದ ಅಲುಗಾಟದಿಂದಲೂ ಇನ್ನೊಂದು ಅನ್ಯಾಯದ ಬಯಲಿನಿಂದಲೂ 1987ರಲ್ಲಿ ಲಂಡಾವು ಆಯೋಗ ಕುಳಿತಿತು. ಗುಪ್ತಚಾರ ಖಾತೆಯವರು ತಪ್ಪೊಪ್ಪಿಗೆ ಪಡೆದ ರೀತಿಯ ವಿಷಯದಲ್ಲಿ ವರ್ಷಗಟ್ಟಲೆ ನ್ಯಾಯಾಲಯಗಳ ಮುಂದೆ ಸುಳ್ಳು ಹೇಳುತ್ತ ಬಂದಿದ್ದರೆಂಬುದನ್ನು ಆ ಆಯೋಗವೇ ದಾಖಲಿಸಿತು. ಹಾಗೆ ದಾಖಲಿಸಿಯೂ, ವಿಚಾರಣೆಯಲ್ಲಿ 'ಮಿತವಾದ' ದೈಹಿಕ ಒತ್ತಡಕ್ಕೆ ಅನುಮತಿ ಕೊಟ್ಟುಬಿಟ್ಟಿತು. ಆ ಅನುಮತಿಯಿಂದ ಬೆಳೆದ ಹಿಂಸೆಯ ವಿಧಾನಗಳನ್ನು 1999ರಲ್ಲಿ ಸರ್ವೋಚ್ಚ ನ್ಯಾಯಾಲಯ ನಿಷೇಧಿಸಿದಾಗ ಪೀಠದ ಅಧ್ಯಕ್ಷರಾಗಿದ್ದವರು, 1986ರಲ್ಲಿ ಒಂಟಿಯಾಗಿ ಭಿನ್ನಾಭಿಪ್ರಾಯ ಬರೆದಿದ್ದ ಅದೇ ಬರಾಕ್ ಅವರು. ನ್ಯಾಯದ ತೇರು ಹೀಗೆ ಎರಡು ಮಾರು ಮುಂದೆ, ಒಂದು ಮಾರು ಹಿಂದೆ ಸಾಗುವಂಥದು. ಅದರ ಹಗ್ಗಕ್ಕೆ ಮೊದಲು ಕೈಹಚ್ಚಿದವರಲ್ಲಿ ಒಬ್ಬ ಛಾಯಾಗ್ರಾಹಕನಿದ್ದನೆಂಬುದನ್ನು ಮರೆಯಲಾಗದು.

*

ಇಂಥ ಒಂದು ಚಿತ್ರ ತೆಗೆದ ಮೇಲೆ ಅದರ ಕೀರ್ತಿಯಲ್ಲೇ ಕಾಲ ಕಳೆಯುವುದು ಸುಲಭವಿತ್ತು. ಲೆವಾಕ್ ಅವರು ಹಾಗೆ ಮಾಡಲಿಲ್ಲ. 1993ರಲ್ಲಿ 'ಹದಶೋತ್' ನಿಂತುಹೋಯಿತು. ಅವರು 'ಹಾರೆಟ್ಜ್' ಎಂಬ ಹಳೆಯ, ಗಂಭೀರವಾದ ಪತ್ರಿಕೆಗೆ ಬಂದರು. ಅಲ್ಲಿ ಅವರ ಕೆಲಸ ಎರಡು ಕವಲಾಗಿ ಹರಿಯಿತು.

ಒಂದು ಕವಲು ಬೀದಿಯದು. ನಗರದ ಬೀದಿಯಲ್ಲಿ, ಕಡಲ ದಂಡೆಯಲ್ಲಿ, ಬಸ್ ನಿಲ್ದಾಣದಲ್ಲಿ ಅಲೆಯುತ್ತ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ವಸ್ತುಗಳು ಒಂದು ಕ್ಷಣ ಒಂದೇ ಚೌಕಟ್ಟಿನೊಳಗೆ ಬಂದು ನಿಂತಾಗ ಅದನ್ನು ಹಿಡಿಯುವುದು ಅವರ ಹವ್ಯಾಸ. ಗೋಡೆಯ ಮೇಲಿನ ಜಾಹೀರಾತೂ ಅದರ ಮುಂದೆ ಹಾದುಹೋಗುವ ಮನುಷ್ಯನೂ ಪರಸ್ಪರ ಏನೋ ಮಾತಾಡಿಕೊಳ್ಳುತ್ತಿರುವಂತೆ ತೋರುತ್ತಾರೆ. ದೇವಭಕ್ತನೂ ಸೈನಿಕನೂ ವಿಹಾರಿಯೂ ಒಂದೇ ಬಿಸಿಲಿನಲ್ಲಿ ಒಬ್ಬರನ್ನೊಬ್ಬರು ನೋಡದೆ ನಿಂತಿರುತ್ತಾರೆ. ನೋಡಿದವನಿಗೆ ಮೊದಲು ನಗು ಬರುತ್ತದೆ; ನಕ್ಕ ಮೇಲೆ, ನಗಬಹುದಾಗಿತ್ತೇ ಎಂಬ ಅಳುಕು ಬರುತ್ತದೆ. ಇದು ಪರಿಹಾಸವಲ್ಲ, ವಿನೋದ. ತಾನೂ ಆ ಸಮಾಜದವನೇ ಎಂದು ಬಲ್ಲವನ ವಿನೋದ. ಈ ಕೆಲಸಕ್ಕಾಗಿ ಅವರ ದೇಶ 2005ರಲ್ಲಿ ತನ್ನ ಅತ್ಯುನ್ನತ ಗೌರವವಾದ ಇಸ್ರೇಲ್ ಪ್ರಶಸ್ತಿಯನ್ನು ಅವರಿಗೆ ಕೊಟ್ಟಿತು. ಸರ್ಕಾರದ ಸುಳ್ಳನ್ನು ಬಯಲಿಗೆಳೆದವನಿಗೆ ರಾಷ್ಟ್ರವೇ ಪ್ರಶಸ್ತಿ ಕೊಡುವುದು ಆ ಸಮಾಜದ ಒಂದು ಒಳ್ಳೆಯ ಮುಖ. ಅದನ್ನು ಹೇಳದೆ ಬಿಟ್ಟರೆ ನಾನು ಪಕ್ಷಪಾತಿಯಾದೇನು.

ಇನ್ನೊಂದು ಕವಲು ಪಶ್ಚಿಮ ದಂಡೆಯ ಹಳ್ಳಿಗಳದು. 'ಹಾರೆಟ್ಜ್' ಪತ್ರಿಕೆಯಲ್ಲಿ ಗಿಡಿಯೋನ್ ಲೆವಿ ಎಂಬ ಲೇಖಕರು 1988ರಿಂದ ಸೈನ್ಯಾಡಳಿತದ ಕೆಳಗಿರುವ ಪ್ಯಾಲೆಸ್ತೀನಿಯರ ಬದುಕನ್ನು ಕುರಿತು ಅಂಕಣ ಬರೆಯುತ್ತ ಬಂದಿದ್ದಾರೆ. ಅದಕ್ಕೆ 'ನಸುಗತ್ತಲ ವಲಯ' ಎಂಬ ಅರ್ಥ ಬರುವ ಹೆಸರು. ಮೊದಲು ಬಹುಕಾಲ ಅದಕ್ಕೆ ಚಿತ್ರ ಒದಗಿಸಿದವರು ಮಿಕಿ ಕ್ರಾಟ್ಸ್‌ಮನ್ ಎಂಬ ಇನ್ನೊಬ್ಬ ಸಮರ್ಥ ಛಾಯಾಗ್ರಾಹಕರು. ಆಮೇಲೆ ಲೆವಾಕ್ ಅವರು ಲೆವಿಯವರ ಜೊತೆಗೂಡಿದರು. ಎಂಬತ್ತರ ಹೊಸ್ತಿಲು ಮುಟ್ಟಿದ ಮೇಲೂ ಅವರು ಕ್ಯಾಮರಾ ಹೊತ್ತು ಆ ಹಳ್ಳಿಗಳಿಗೆ ಹೋಗುತ್ತ ಬಂದರು. ಸತ್ತ ಮಗನ ಪಟ ಹಿಡಿದ ತಾಯಿ, ಕೆಡವಿದ ಮನೆಯ ಮುಂದೆ ಕುರ್ಚಿ ಹಾಕಿ ಕೂತ ಮುದುಕ, ಕಡಿದ ಆಲಿವ್ ಮರಗಳು—ಇವು ಆ ಚಿತ್ರಗಳ ಪ್ರಪಂಚ. ಅವುಗಳಲ್ಲಿ ಹೊಸತೇನಿದೆಯೆಂದು ಕೇಳಬಹುದು. ಹೊಸತೇನೂ ಇಲ್ಲವೆಂಬುದೇ ಅವುಗಳ ದುಃಖ. ಲೇಖಕರು ಹೆಸರು, ಊರು, ದಿನ, ಗಳಿಗೆ ಎಲ್ಲವನ್ನೂ ಬರೆಯುತ್ತಾರೆ; ಛಾಯಾಗ್ರಾಹಕರು ಮುಖವನ್ನು ಕೊಡುತ್ತಾರೆ. ಹೆಸರಿಗೆ ಮುಖವೂ ಮುಖಕ್ಕೆ ಹೆಸರೂ ಸೇರಿದರೆ ಮಾತ್ರ ಸಾಕ್ಷಿಯೆಂಬುದನ್ನು 1984ರಲ್ಲಿಯೇ ಕಲಿತವರ ಕೆಲಸ ಇದು.

*

ಈಗ ಇಂದಿನ ಸ್ಥಿತಿಗೆ ಬರೋಣ. 2023ರ ಅಕ್ಟೋಬರ್ 7ರಂದು ಹಮಾಸ್ ದಳಗಳು ಗಾಜಾದಿಂದ ಇಸ್ರೇಲಿನೊಳಗೆ ನುಗ್ಗಿ ಸುಮಾರು 1,200 ಮಂದಿಯನ್ನು ಕೊಂದು 251 ಮಂದಿಯನ್ನು ಒತ್ತೆಯಾಳುಗಳಾಗಿ ಒಯ್ದವು. ಅದರ ಹಿಂದೆಯೇ ಗಾಜಾದ ಮೇಲೆ ಬಿದ್ದ ಯುದ್ಧ ಎರಡು ವರ್ಷ ನಡೆದು ಹತ್ತಾರು ಸಾವಿರ ಜನರನ್ನು ನುಂಗಿತು. ಆ ಎರಡು ವರ್ಷ ವಿದೇಶೀ ಪತ್ರಕರ್ತರಿಗೆ ಸೈನ್ಯದ ಕಾವಲಿಲ್ಲದೆ ಗಾಜಾದೊಳಗೆ ಕಾಲಿಡಲು ಇಸ್ರೇಲ್ ಅವಕಾಶ ಕೊಡಲಿಲ್ಲ. ಪ್ರಪಂಚ ಕಂಡ ಚಿತ್ರಗಳನ್ನೆಲ್ಲ ತೆಗೆದವರು ಗಾಜಾದವರೇ. ಪತ್ರಕರ್ತರ ರಕ್ಷಣೆಗಾಗಿ ದುಡಿಯುವ ಅಂತರರಾಷ್ಟ್ರೀಯ ಸಮಿತಿಯ ಲೆಕ್ಕದಂತೆ ಅವರಲ್ಲಿ 180ಕ್ಕೂ ಹೆಚ್ಚು ಮಂದಿ 2025ರ ಬೇಸಗೆ ಕಳೆಯುವುದರೊಳಗೆ ಪ್ರಾಣ ತೆತ್ತಿದ್ದರು. ಫಾತ್ಮಾ ಹಸ್ಸೂನಾ ಎಂಬ 25 ವರ್ಷದ ಛಾಯಾಗ್ರಾಹಕಿ 2025ರ ಏಪ್ರಿಲ್ 16ರಂದು ತನ್ನ ಮನೆಯವರೊಡನೆ ಬಾಂಬಿಗೆ ಬಲಿಯಾದಳು. ಆಕೆಯನ್ನು ಕುರಿತ ಸಾಕ್ಷ್ಯಚಿತ್ರವು ಫ್ರಾನ್ಸಿನ ಕಾನ್ ನಗರದ ಉತ್ಸವಕ್ಕೆ ಆಯ್ಕೆಯಾದ ಸುದ್ದಿ ಹಿಂದಿನ ದಿನವಷ್ಟೇ ಪ್ರಕಟವಾಗಿತ್ತು. ಲೆವಾಕ್ ಅವರಿಗೆ ಒದಗಿದ್ದು ಸೆನ್ಸಾರಿನ ಅಡ್ಡಿ. ಆಕೆಗೆ ಒದಗಿದ್ದು ಮರಣ. ಇಬ್ಬರದೂ ಒಂದೇ ವೃತ್ತಿ.

ಇಸ್ರೇಲಿನೊಳಗೆ ಏನಾಯಿತು? ಸ್ದೆ ತೈಮಾನ್ ಎಂಬ ಸೈನಿಕ ನೆಲೆಯಲ್ಲಿ ಗಾಜಾದ ಬಂದಿಗಳನ್ನು ಕೂಡಿಹಾಕಿದ್ದರು. 2024ರ ಜುಲೈನಲ್ಲಿ ಒಬ್ಬ ಬಂದಿಗೆ ಘೋರ ಹಿಂಸೆ ಕೊಟ್ಟ ಆಪಾದನೆಯ ಮೇಲೆ ಕೆಲವು ಸೈನಿಕರನ್ನು ಹಿಡಿದಾಗ, ಬಂಧನವನ್ನು ವಿರೋಧಿಸಿ ಜನರ ಗುಂಪೊಂದು ನೆಲೆಯೊಳಗೇ ನುಗ್ಗಿತು. ಆಗಸ್ಟಿನಲ್ಲಿ ಆ ನೆಲೆಯ ಕಾವಲು ಕ್ಯಾಮರಾದ ದೃಶ್ಯವೊಂದು ದೂರದರ್ಶನ ವಾಹಿನಿಯೊಂದರಲ್ಲಿ ಬಂತು. 2025ರ ಫೆಬ್ರವರಿಯಲ್ಲಿ ಐವರ ಮೇಲೆ ದೋಷಾರೋಪಣೆಯಾಯಿತು. ಅದೇ ವರ್ಷದ ಅಕ್ಟೋಬರಿನ ಕೊನೆಯ ದಿನ ಸೈನ್ಯದ ಮುಖ್ಯ ಕಾನೂನು ಅಧಿಕಾರಿ ಇಫಾತ್ ತೋಮೆರ್ ಯೆರುಶಲ್ಮಿ ಅವರು, ಆ ದೃಶ್ಯವನ್ನು ಹೊರಗೆ ಬಿಡಲು ತಾವೇ ಒಪ್ಪಿಗೆ ಕೊಟ್ಟಿದ್ದಾಗಿ ಹೇಳಿ ರಾಜೀನಾಮೆಯಿತ್ತರು. ಕೆಲವು ದಿನಗಳಲ್ಲಿ ಅವರ ಬಂಧನವೂ ಆಯಿತು. ಸೋರಿಕೆಯ ವಿಷಯದಲ್ಲಿ ಅವರು ನ್ಯಾಯಾಲಯವನ್ನು ದಾರಿ ತಪ್ಪಿಸಿದರೆಂಬ ಶಂಕೆ ಗಂಭೀರವಾದದ್ದೇ; ಅದನ್ನು ವಿಚಾರಿಸಬೇಕಾದದ್ದು ನ್ಯಾಯ. ಆದರೆ ಆ ದಿನಗಳ ಗದ್ದಲದಲ್ಲಿ ದೃಶ್ಯದೊಳಗಿದ್ದ ಬಂದಿಯ ಮಾತು ಎಲ್ಲಿಯೋ ಹಿಂದೆ ಬಿತ್ತು. ದೃಶ್ಯವನ್ನು ಹೊರಗೆ ತಂದವರ ಮಾತೇ ಮುಂದಾಯಿತು. 1986ರಲ್ಲಿ ಜಮೀರ್ ಅವರ ಸ್ಥಾನ ಹೋದದ್ದನ್ನು ಬಲ್ಲವರಿಗೆ ಇದರಲ್ಲಿ ಹಳೆಯ ದಾರಿಯ ಗುರುತುಗಳು ಕಾಣದಿರವು.

ಆದರೂ ಎರಡು ಕಾಲಗಳ ನಡುವೆ ಒಂದು ದೊಡ್ಡ ವ್ಯತ್ಯಾಸವುಂಟು. ಇದೇ ನಾನು ಮುಖ್ಯವಾಗಿ ಹೇಳಬೇಕೆಂದಿರುವ ಸಂಗತಿ. 1984ರಲ್ಲಿ ಸುಳ್ಳು ಚಿತ್ರಕ್ಕೆ ಹೆದರಿತ್ತು. ಹೆದರಿದ್ದರಿಂದಲೇ ಅದನ್ನು ಬಚ್ಚಿಟ್ಟಿತು, ಪತ್ರಿಕೆಗೆ ಬೀಗ ಹಾಕಿತು. ಹೆದರುವುದೆಂದರೆ ಒಂದರ್ಥದಲ್ಲಿ ಮರ್ಯಾದೆ ಕೊಡುವುದು. ಜನ ಆ ಚಿತ್ರವನ್ನು ಕಂಡರೆ ನಂಬುತ್ತಾರೆ, ನಂಬಿದರೆ ನಾಚುತ್ತಾರೆ ಎಂಬ ಭರವಸೆ ಆಳುವವರಿಗೂ ಇತ್ತು. ಇಂದು ಚಿತ್ರವನ್ನು ಬಚ್ಚಿಡುವ ಶ್ರಮವೇ ಬೇಕಿಲ್ಲ. ಸಾವಿರಾರು ಚಿತ್ರಗಳು ಎಲ್ಲರ ಅಂಗೈಯಲ್ಲಿವೆ. ಅವು ಸುಳ್ಳೆಂದು, ನಟನೆಯೆಂದು, ಯಂತ್ರದ ಸೃಷ್ಟಿಯೆಂದು ಹೇಳಿದರೆ ಸಾಕು. ಎಲ್ಲ ಪಕ್ಷದವರೂ ಇದನ್ನು ಹೇಳುತ್ತಾರೆ. ಅಕ್ಟೋಬರ್ 7ರ ಕೊಲೆಗಳ ಚಿತ್ರಗಳನ್ನೇ ನಂಬದವರನ್ನೂ ನಾನು ಕಂಡಿದ್ದೇನೆ. ನಿಜವಾಗಿಯೂ ಸುಳ್ಳಾದ ಚಿತ್ರಗಳು ಹರಿದಾಡುತ್ತಿರುವುದರಿಂದ ಈ ಮಾತಿಗೆ ಬಲವೂ ಸಿಗುತ್ತದೆ. ಹಿಂದೆ ಸೆನ್ಸಾರ್ ಕುಳಿತಿದ್ದುದು ಸರ್ಕಾರದ ಕಚೇರಿಯಲ್ಲಿ. ಈಗ ಆತ ನೋಡುವವನ ಮನಸ್ಸಿನಲ್ಲೇ ಮನೆ ಮಾಡಿದ್ದಾನೆ, ವಿವೇಕದ ವೇಷ ತೊಟ್ಟು.

*

ಆ ಹುಡುಗನಿಗೆ ನಾನು ಏನು ಹೇಳಬೇಕಾಗಿತ್ತೆಂಬುದು ಈಗ ನನಗೆ ತಕ್ಕಮಟ್ಟಿಗೆ ತಿಳಿದಿದೆ. ನಿನ್ನ ಪ್ರಶ್ನೆ ಸರಿ, ಆದರೆ ಪ್ರಶ್ನೆ ಕೇಳಿ ಪತ್ರಿಕೆಯನ್ನು ಮಡಿಸಿಟ್ಟದ್ದು ಸರಿಯಲ್ಲ, ಎನ್ನಬೇಕಾಗಿತ್ತು. ಗಾದೆಯಲ್ಲಿ 'ಪ್ರಮಾಣಿಸಿ' ಎಂಬ ಮಾತಿನ ಹಿಂದೆಯೇ 'ನೋಡು' ಎಂಬ ಮಾತೂ ಇದೆ. ನೋಡದಿರು ಎಂದು ಹಿರಿಯರು ಹೇಳಲಿಲ್ಲ. ಈ ಚಿತ್ರ ತೆಗೆದವರಾರು, ಯಾವ ಊರಿನಲ್ಲಿ, ಯಾವ ದಿನ, ಯಾವ ಪತ್ರಿಕೆ ಅದರ ಹೊಣೆ ಹೊತ್ತಿದೆ, ಚಿತ್ರದಲ್ಲಿರುವವರ ಹೆಸರೇನು, ಅವರನ್ನು ಬಲ್ಲವರು ಏನೆನ್ನುತ್ತಾರೆ ಎಂದು ಒಂದೊಂದಾಗಿ ಕೇಳಬೇಕು. ಉತ್ತರ ಬಂದರೆ ನಂಬುವ ಧೈರ್ಯ ಬೇಕು. ಉತ್ತರ ಬಾರದಿದ್ದರೆ ಕಾಯುವ ತಾಳ್ಮೆ ಬೇಕು. ಇವೆರಡೂ ಇಲ್ಲದ ಸಂಶಯ ಆಲಸ್ಯದ ಇನ್ನೊಂದು ಹೆಸರು.

300ನೆಯ ನಂಬರಿನ ಬಸ್ಸಿನ ಸತ್ಯ ಹೊರಬಂದದ್ದು ಒಬ್ಬ ಲೆವಾಕ್ ಅವರಿಂದಲ್ಲ. ಚಿತ್ರವನ್ನು ಹೊತ್ತು ಗಾಜಾಕ್ಕೆ ಹೋದ ವರದಿಗಾರರು, ಬೀಗಮುದ್ರೆಗೆ ಅಂಜದ ಸಂಪಾದಕರು, ಉದ್ಯೋಗ ಕಳೆದುಕೊಂಡ ಮೂವರು ಅಧಿಕಾರಿಗಳು, ಹಟ ಬಿಡದ ಅಟಾರ್ನಿ ಜನರಲ್, ಒಂಟಿಯಾಗಿ ಬರೆದ ನ್ಯಾಯಾಧೀಶ—ಇಷ್ಟು ಜನ ಕೈಯಿಂದ ಕೈಗೆ ದಾಟಿಸಿದ್ದರಿಂದ ಅದು ಉಳಿಯಿತು. ಆ ಸಾಲಿನ ಕೊನೆಯಲ್ಲಿ ನಿಂತಿರುವವನು ಪತ್ರಿಕೆಯನ್ನು ಬಿಚ್ಚಿ ನೋಡುವ ಓದುಗ. ಆತ ಕೈಚಾಚದಿದ್ದರೆ ಹಿಂದಿನವರೆಲ್ಲರ ಶ್ರಮವೂ ನೆಲಕ್ಕೆ ಬೀಳುತ್ತದೆ.

ಆ ಪತ್ರಿಕೆಯನ್ನು ನಾನು ಎಸೆಯದೆ ಇಟ್ಟುಕೊಂಡಿದ್ದೇನೆ. ಮುಂದಿನ ವಾರ ಅದನ್ನು ತರಗತಿಗೆ ಒಯ್ಯಬೇಕೆಂದಿದ್ದೇನೆ. ಮಗುವನ್ನೆತ್ತಿಕೊಂಡು ಓಡುತ್ತಿರುವ ಆ ತಂದೆಯ ಚಿತ್ರದ ಕೆಳಗೆ, ಸಣ್ಣ ಅಕ್ಷರದಲ್ಲಿ, ಚಿತ್ರ ತೆಗೆದವರ ಹೆಸರಿದೆ. ಆ ದಿನ ನಾವಿಬ್ಬರೂ ಅದನ್ನು ಓದಿರಲಿಲ್ಲ. ಅಲ್ಲಿಂದಲೇ ಮೊದಲು ಮಾಡೋಣವೆಂದು ಆ ಹುಡುಗನಿಗೆ ಹೇಳುವೆನು.